ಖಳನ ಕೊಂಡಿ ಕಳಚಿದರೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮಾರ್ವೆಲ್ ಕಾಮಿಕ್ಸಿನ, ಸಿನಿಮಾಗಳ ಖಳ ಥಾನೋಸ್ ಹೆಸರಲ್ಲಿ ನೀನೂ ನಿನ್ನ ಎದುರಾಳಿಯೂ ಕಿತ್ತಾಡಿಕೊಂಡದ್ದನ್ನು ಪೂರ್ತಿ ಓದಿದೆ. "ಕಾಮಿಕ್ಸಿನಲ್ಲಿ ಹೀಗಿರಲೇ ಇಲ್ಲ" ಅಂತ ನೀನು, "ಸಿನಿಮಾ ಬೇರೆ ಮಾಧ್ಯಮ ಕಣೋ" ಅಂತ ಅವನು. ಇಬ್ಬರ ಮಾತೂ ನಿಜವೇ, ಆದರೆ ಎರಡರಿಂದಲೂ ವಾದ ಒಂದಂಗುಲ ಮುಂದೆ ಹೋಗದು. ಏನನ್ನೂ ಬದಲಾಯಿಸದೆ ತೆರೆಗೆ ಬಂದ ಕಾಮಿಕ್ಸ್ ಒಂದೂ ಇಲ್ಲ. ಕಿತ್ತು ಹಾಕಿದ ತುಂಡು ಮೂಲದಲ್ಲಿ ಯಾವ ಭಾರ ಹೊತ್ತಿತ್ತು, ಈಗ ಆ ಭಾರ ಯಾರ ಹೆಗಲಿಗೆ ಬಿದ್ದಿದೆ? ಅಷ್ಟನ್ನು ಹಿಡಿದರೆ ಜಗಳಕ್ಕೆ ತಲೆಬುಡ ಬರುತ್ತದೆ.

ಥಾನೋಸ್‌ನಿಂದಲೇ ಶುರುಮಾಡೋಣ. ಜಿಮ್ ಸ್ಟಾರ್ಲಿನ್ ಅವನನ್ನು 1973ರಲ್ಲಿ 'ಐರನ್ ಮ್ಯಾನ್' 55ನೇ ಸಂಚಿಕೆಯಲ್ಲಿ ತಂದರು. 1991ರ ಆರು ಸಂಚಿಕೆಗಳ 'ಇನ್ಫಿನಿಟಿ ಗಾಂಟ್ಲೆಟ್'ನಲ್ಲಿ ಅವನು ಚಿಟಿಕೆ ಹೊಡೆದು ವಿಶ್ವದ ಅರ್ಧ ಜೀವಗಳನ್ನು ಅಳಿಸುವುದು ಪ್ರೇಮಕ್ಕೆ. ಅಲ್ಲಿ ಸಾವು ಒಂದು ಹೆಣ್ಣು. ಅವಳನ್ನು ಒಲಿಸಿಕೊಳ್ಳಲು ಅವನು ಕೊಟ್ಟ ಉಡುಗೊರೆ ಅರ್ಧ ವಿಶ್ವ. ಅವಳು ಒಲಿಯುವುದಿಲ್ಲ, ಅದು ಬೇರೆ ಮಾತು. 2012ರ ಮೊದಲ 'ಅವೆಂಜರ್ಸ್' ಮುಗಿಯುವಾಗ, ಭೂಮಿಯವರನ್ನು ಕೆಣಕುವುದೂ ಸಾವಿಗೆ ಪ್ರೇಮಭಿಕ್ಷೆ ಬೇಡುವುದೂ ಒಂದೇ ಎಂಬರ್ಥದ ಮಾತು ಕೇಳಿ ಅವನು ತಿರುಗಿ ನಗುತ್ತಾನಲ್ಲ, ಕಾಮಿಕ್ಸ್ ಓದಿದವರು ಹುಚ್ಚೆದ್ದದ್ದು ಆ ನಗುವಿಗೆ. 2018ರ 'ಇನ್ಫಿನಿಟಿ ವಾರ್' ಹೊತ್ತಿಗೆ ಆ ಪ್ರೇಮ ಮಂಗಮಾಯ. ಅದರ ಜಾಗದಲ್ಲಿ ಜನ ಹೆಚ್ಚಾಗಿ ಹಾಳಾದ ಟೈಟನ್ ಎಂಬ ಅವನ ಹುಟ್ಟುಗ್ರಹ, ಸಂಪನ್ಮೂಲದ ಲೆಕ್ಕ.

ಎಡವಟ್ಟಾದದ್ದು ಇಲ್ಲೇ. ಪ್ರೇಮಿಯನ್ನು ಯಾರೂ ಲೆಕ್ಕ ಕೇಳುವುದಿಲ್ಲ, ಲೆಕ್ಕಿಗನನ್ನು ಎಲ್ಲರೂ ಕೇಳುತ್ತಾರೆ. ಬೇಕಾದ್ದನ್ನು ಮಾಡಬಲ್ಲ ಆರು ಮಾಯದ ಮಣಿ ಕೈಯಲ್ಲಿ ಇರುವವನು ಸಂಪನ್ಮೂಲವನ್ನೇ ದುಪ್ಪಟ್ಟು ಮಾಡಬಾರದಿತ್ತೇ? ನಮ್ಮ ಭೂಮಿಯ ಜನಸಂಖ್ಯೆ 1974ರ ಸುಮಾರಿಗೆ 400 ಕೋಟಿ, 2022ರಲ್ಲಿ 800 ಕೋಟಿ. ಅಂದರೆ ಅವನ ಚಿಟಿಕೆ ನಮ್ಮನ್ನು ಐವತ್ತು ವರ್ಷ ಹಿಂದಕ್ಕೂ ತಳ್ಳುವುದಿಲ್ಲ, ಆಮೇಲೆ ಇನ್ನೊಂದು ಚಿಟಿಕೆ ಬೇಕು. ಕಾಮಿಕ್ಸಿನ ಥಾನೋಸ್‌ಗೆ ಈ ಪ್ರಶ್ನೆ ತಟ್ಟುವುದೇ ಇಲ್ಲ. ನಿನ್ನ ದೂರಿಗೆ ಆಧಾರ ಬೇಕಿದ್ದರೆ ಇದನ್ನು ಹಿಡಿ. "ಸಾವು ಎಂಬ ಪಾತ್ರ ಕಾಣೆಯಾಗಿದೆ" ಎಂದು ಗೋಳಾಡಿದರೆ ಪ್ರಯೋಜನವಿಲ್ಲ.

ಆದರೆ ನಿನ್ನ ಎದುರಾಳಿಯ ಕೈಯಲ್ಲೂ ಒಂದು ಒಳ್ಳೆಯ ಎಲೆ ಇದೆ, ಅವನು ಅದನ್ನು ಇಳಿಸಲೇ ಇಲ್ಲ. ಪ್ರೇಮವನ್ನು ಚಿತ್ರದವರು ಎಸೆಯಲಿಲ್ಲ, ವೋರ್ಮಿರ್ ಎಂಬ ಗ್ರಹಕ್ಕೆ ಸಾಗಿಸಿದರು. ಆತ್ಮದ ಮಣಿ ಬೇಕೆಂದರೆ ಪ್ರೀತಿಸಿದವರನ್ನು ಬಲಿ ಕೊಡಬೇಕು. ಗಮೋರಾ ಅಲ್ಲಿ ಬೀಳುವಾಗ ಅವನ ಕಣ್ಣಲ್ಲಿ ನೀರು. ಹೆಣ್ಣಿಗಾಗಿ ಕೊಲ್ಲುವ ಪ್ರೇಮಿ ಮಗಳನ್ನು ಕೊಲ್ಲುವ ಅಪ್ಪನಾದ. ಭಾರ ಕೆಳಗೆ ಬೀಳದೆ ಹೆಗಲು ಬದಲಾಯಿಸಿತು. ಚಿಟಿಕೆಯ ಜಾಗ ಬದಲಾದದ್ದೂ ಹಾಗೆಯೇ ಕೆಲಸ ಮಾಡಿತು. ಕಾಮಿಕ್ಸಿನಲ್ಲಿ ಅದು ಮೊದಲ ಸಂಚಿಕೆಯಲ್ಲೇ ನಡೆದು ಉಳಿದ ಕಥೆಗೆ ಬಾಗಿಲು ತೆರೆಯುತ್ತದೆ. ಸಿನಿಮಾದಲ್ಲಿ ಕೊನೆಗೆ ಬಂದು ಬಾಗಿಲು ಮುಚ್ಚುತ್ತದೆ. ಪ್ರೇಕ್ಷಕ ಒಂದು ವರ್ಷ ಹೊರಗೆ ಕಾಯಬೇಕಾಯಿತು.

ಇನ್ನು 'ಮೂಲ' ಎಂಬ ಮಾತು. ಯಾರಾದರೂ ಆ ಪದ ಎತ್ತಿದ ಕೂಡಲೇ ವರ್ಷ ಮತ್ತು ಸಂಚಿಕೆ ಹೇಳಿಸು, ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ. ಎಂಬತ್ತು ತೊಂಬತ್ತು ವರ್ಷದ ಪಾತ್ರಕ್ಕೆ ಒಂದೇ ಮೂಲ ಎಲ್ಲಿಂದ ಬರಬೇಕು? "ಸೂಪರ್‌ಮ್ಯಾನ್ ಯಾವತ್ತೂ ಕೊಂದವನಲ್ಲ" ಎಂದು 2013ರ 'ಮ್ಯಾನ್ ಆಫ್ ಸ್ಟೀಲ್' ಮೇಲೆ ನೀನು ಹರಿಹಾಯ್ದೆಯಲ್ಲ, ಅಲ್ಲಿ ಸಿಕ್ಕಿಬಿದ್ದೆ. ಜಾನ್ ಬರ್ನ್ ಬರೆದು ಚಿತ್ರಿಸಿದ 1988ರ 'ಸೂಪರ್‌ಮ್ಯಾನ್' 22ನೇ ಸಂಚಿಕೆಯಲ್ಲಿ ಅವನು ಜಾಡ್ ಸೇರಿ ತನ್ನ ಹುಟ್ಟುಗ್ರಹ ಕ್ರಿಪ್ಟಾನ್‌ನ ಮೂವರು ಅಪರಾಧಿಗಳನ್ನು ಅಲ್ಲಿಯವರಿಗೆ ವಿಷವಾದ ಹಸಿರು ಕ್ರಿಪ್ಟೊನೈಟ್ ಕಲ್ಲಿನಿಂದ ಕೊಲ್ಲುತ್ತಾನೆ. ಬಡಿದಾಟದ ಬಿಸಿಯಲ್ಲೂ ಅಲ್ಲ, ಅವರ ಶಕ್ತಿ ಕಳೆದ ಮೇಲೆ, ತೀರ್ಪು ಕೊಟ್ಟವನ ಹಾಗೆ. ಬ್ಯಾಟ್‌ಮ್ಯಾನ್ ವಿಚಾರವೂ ಅಷ್ಟೇ: 1940ರ ಮೊದಲ ಸಂಚಿಕೆಯಲ್ಲಿ ವಿಮಾನದಿಂದ ಮಷಿನ್‌ಗನ್ ಹಾರಿಸಿದವನು ಅವನು. ಕೊಲ್ಲಬಾರದೆಂಬ ವ್ರತ ಬಂದದ್ದು ಆಮೇಲೆ.

ಹಾಗಿದ್ದರೂ 'ಮ್ಯಾನ್ ಆಫ್ ಸ್ಟೀಲ್' ನೋಡುವಾಗ ಏನೋ ಚುಚ್ಚುತ್ತದೆ, ನಿಜ. ಕೊಲೆಯ ನಂತರದ ಪುಟಗಳನ್ನು ನೋಡು, ಕಾರಣ ಸಿಗುತ್ತದೆ. ಕಾಮಿಕ್ಸಿನಲ್ಲಿ ಆ ಮೂರು ಸಾವು ಅವನ ಮನಸ್ಸನ್ನೇ ಕಲಕಿ, ಕೊನೆಗೆ ಅವನು ಭೂಮಿ ಬಿಟ್ಟು ಬಾಹ್ಯಾಕಾಶಕ್ಕೆ ಹೋಗುತ್ತಾನೆ. ತನಗೆ ತಾನೇ ವಿಧಿಸಿಕೊಂಡ ಗಡೀಪಾರು ಅದು. ಸಿನಿಮಾದಲ್ಲಿ ಜಾಡ್‌ನ ಕುತ್ತಿಗೆ ಮುರಿಯುತ್ತದೆ, ಒಂದು ಚೀರಾಟ, ಅದಾಗಿ ಸ್ವಲ್ಪ ಹೊತ್ತಿಗೇ ಸೇನಾಧಿಕಾರಿಯ ಮುಂದೆ ನಗೆಮಾತು. ಕೊಲೆ ಮೂಲದಿಂದ ಬಂತು, ಅದಕ್ಕೆ ಅಂಟಿದ್ದ ಪರಿಣಾಮ ಬರಲಿಲ್ಲ.

ಬ್ಯಾಟ್‌ಮ್ಯಾನ್‌ನ ವೈರಿ ಜೋಕರ್ ವಿಚಾರದಲ್ಲಿ, 1989ರ ಸಿನಿಮಾ ಮೂಲವನ್ನು ಕೆಡಿಸಿತು ಎನ್ನುವ ನಿನ್ನ ಕಡೆಗೇ ನಾನು. ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇಯ್ನ್‌ನ ಅಪ್ಪ ಅಮ್ಮನನ್ನು ಕೊಂದವನು 1939ರ ಕಥೆಯಲ್ಲಿ ಹೆಸರೂ ಇಲ್ಲದ ಬೀದಿಗಳ್ಳ. ಜೋ ಚಿಲ್ ಎಂಬ ಹೆಸರು ಸಿಕ್ಕಿದ್ದು 1948ರಲ್ಲಿ. ಆ ಅನಾಮಧೇಯತೆಯೇ ಬ್ಯಾಟ್‌ಮ್ಯಾನ್‌ನ ಎಂಜಿನ್: ಕೊಂದವನು ಯಾರಾದರೂ ಆಗಿರಬಹುದು, ಆದ್ದರಿಂದ ಅವನು ಪ್ರತಿ ರಾತ್ರಿ ಹೊರಡಬೇಕು. 1989ರ ಸಿನಿಮಾ ಆ ಕೊಲೆಯನ್ನು ಜೋಕರ್ ತಲೆಗೆ ಕಟ್ಟಿತು. ಎರಡು ಗಂಟೆಯ ಕಥೆ ಬಿಗಿಯಾಯಿತು, ಒಪ್ಪುತ್ತೇನೆ. ಕೊನೆಯಲ್ಲಿ ಜೋಕರ್ ಬಿದ್ದು ಸತ್ತ. ಸೇಡು ತೀರಿತಲ್ಲ, ಮರುದಿನ ರಾತ್ರಿ ಬ್ರೂಸ್ ಯಾಕೆ ಮುಖವಾಡ ಹಾಕಬೇಕು? 2008ರ 'ದಿ ಡಾರ್ಕ್ ನೈಟ್' ಉಲ್ಟಾ ದಾರಿ ಹಿಡಿಯಿತು. ಬಾಯಿಯ ಗಾಯಕ್ಕೆ ಜೋಕರ್ ಒಬ್ಬರ ಮುಂದೆ ಅಪ್ಪನ ಕಥೆ ಹೇಳುತ್ತಾನೆ, ಇನ್ನೊಬ್ಬರ ಮುಂದೆ ಹೆಂಡತಿಯ ಕಥೆ. 1988ರ 'ದಿ ಕಿಲ್ಲಿಂಗ್ ಜೋಕ್'ನಲ್ಲಿ ಅವನು ತನ್ನ ಗತಕಾಲ ತನಗೇ ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತದೆ ಎನ್ನುತ್ತಾನಲ್ಲ, ಅದೇ ಗುಣ. ದೃಶ್ಯ ಒಂದೂ ನಕಲಾಗಲಿಲ್ಲ, ಗುಣ ಪೂರ್ತಿ ಬಂತು.

ಈಗ ಒಂದೇ ಒಂದು ಚೌಕಟ್ಟನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡು. 1973ರ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 121ನೇ ಸಂಚಿಕೆ. ಬರೆದವರು ಗೆರಿ ಕಾನ್ವೇ, ಗೆರೆ ಗಿಲ್ ಕೇನ್. ಖಳ ಗ್ರೀನ್ ಗಾಬ್ಲಿನ್, ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸೇತುವೆಯಿಂದ ತಳ್ಳುತ್ತಾನೆ. ಪೀಟರ್‌ನ ಬಲೆಯ ಎಳೆ ಅವಳ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಅವಳ ಕುತ್ತಿಗೆಯ ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ 'ಸ್ನ್ಯಾಪ್'. ಕಾಮಿಕ್ಸಿನಲ್ಲಿ ಸದ್ದಿನ ಅಕ್ಷರಗಳು ಸಾಮಾನ್ಯವಾಗಿ ಚೌಕಟ್ಟು ಒಡೆಯುವಷ್ಟು ದೊಡ್ಡವು. ಇದು ಕಣ್ಣು ತಪ್ಪಿಸಿಕೊಂಡು ಹೋಗುವಷ್ಟು ಚಿಕ್ಕದು. ಓದುಗರು ಕೇಳಿದ್ದಕ್ಕೆ 125ನೇ ಸಂಚಿಕೆಯ ಪತ್ರಗಳ ಪುಟದಲ್ಲೇ ಉತ್ತರ ಬಂತು: ರಭಸವಾಗಿ ಬೀಳುತ್ತಿದ್ದವಳನ್ನು ಬಲೆ ಒಮ್ಮೆಲೇ ತಡೆದು ನಿಲ್ಲಿಸಿದ ಕುಲುಕಿಗೆ ಕುತ್ತಿಗೆ ಮುರಿಯಿತು. ಅಂದರೆ ಕಾಪಾಡಲು ಹೋದ ಕೈಯೇ ಕೊಂದಿತು.

ಈ ಚೌಕಟ್ಟಿನ ಭಾರ ಇರುವುದು 'ಸ್ನ್ಯಾಪ್' ಎಂಬ ಆ ನಾಲ್ಕು ಇಂಗ್ಲಿಷ್ ಅಕ್ಷರದಲ್ಲಿ. 2002ರ ಸಿನಿಮಾ ಸೇತುವೆಯನ್ನು ಇಟ್ಟುಕೊಂಡು ಹುಡುಗಿಯನ್ನು ಬದಲಾಯಿಸಿತು, ಮೇರಿ ಜೇನ್ ಬದುಕಿದಳು. ಗಾಬ್ಲಿನ್ ಮಾತ್ರ 122ನೇ ಸಂಚಿಕೆಯ ಹಾಗೆಯೇ ತನ್ನ ಗ್ಲೈಡರ್ ತಿವಿದು ಸತ್ತ. 2014ರ 'ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ 2' ಸೇತುವೆ ಬಿಟ್ಟು ಗಡಿಯಾರ ಗೋಪುರಕ್ಕೆ ಹೋಯಿತು, ಗ್ವೆನ್ ಸತ್ತಳು. ಮೂಲಕ್ಕೆ ಹತ್ತಿರ ಅನ್ನಿಸುತ್ತದೆ ಅಲ್ಲವೇ? ಆದರೆ ಅಲ್ಲಿ ಎಳೆ ಅವಳನ್ನು ಹಿಡಿಯುವ ಹೊತ್ತಿಗೆ ತಲೆ ನೆಲಕ್ಕೆ ಬಡಿಯುತ್ತದೆ. ಬಲೆ ಕೊಲ್ಲಲಿಲ್ಲ, ತಡವಾಗಿ ಬಂತು, ಅಷ್ಟೇ. ಪೀಟರ್ ಹೊರಬೇಕಾದ ಪಾಪ ಅರ್ಧಕ್ಕಿಳಿಯಿತು. ಸಾವನ್ನು ಉಳಿಸಿಕೊಂಡು ಅದರ ಕಾರಣ ಸಡಿಲಿಸಿದರೆ ಹೀಗಾಗುತ್ತದೆ.

ಎಷ್ಟೋ ಬದಲಾವಣೆಗಳಿಗೆ ಕಲೆ ಕಾರಣವೇ ಅಲ್ಲ, ಕಾಗದಪತ್ರ. ಎಕ್ಸ್‌ಮೆನ್ ಹಕ್ಕು ಫಾಕ್ಸ್ ಬಳಿ, ಸ್ಪೈಡರ್‌ಮ್ಯಾನ್ ಹಕ್ಕು ಸೋನಿ ಬಳಿ ಇದ್ದಾಗ ಮಿಂಚಿನಂತೆ ಓಡುವ ಕ್ವಿಕ್‌ಸಿಲ್ವರ್ 2014ರಲ್ಲಿ ಒಂದು ಕಂಪನಿಯ ಸಿನಿಮಾದಲ್ಲೂ 2015ರಲ್ಲಿ ಇನ್ನೊಂದರಲ್ಲೂ ಬೇರೆ ಬೇರೆ ನಟರಾಗಿ ಬಂದ. ಎರಡನೆಯದರಲ್ಲಿ, ಎಕ್ಸ್‌ಮೆನ್ ಕಥೆಗಳು ಹುಟ್ಟಿನಿಂದಲೇ ಶಕ್ತಿ ಇರುವವರಿಗೆ ಬಳಸುವ 'ಮ್ಯೂಟೆಂಟ್' ಪದ ಬಾಯಿಗೆ ಬರುವಂತಿರಲಿಲ್ಲ. ಸ್ಪೈಡರ್‌ಮ್ಯಾನ್‌ನ ವೈರಿಯ ಹೆಸರಲ್ಲೇ ಬಂದ 2018ರ 'ವೆನಮ್'ನಲ್ಲಿ ಸ್ಪೈಡರ್‌ಮ್ಯಾನ್ ಇಲ್ಲ. ಒಂದು ಹೆಸರು ತೆಗೆದದ್ದಕ್ಕೆ ಎಷ್ಟು ಕಳಚಿತು ಲೆಕ್ಕ ಹಾಕು. ವೆನಮ್ ಎದೆಯ ಮೇಲಿನ ಬಿಳಿ ಜೇಡ ಹೋಯಿತು, ಏಕೆಂದರೆ ಅದು ಪೀಟರ್‌ನ ಕಪ್ಪು ಉಡುಪಿನ ಗುರುತು. ಪೀಟರ್‌ನ ಅಪಾಯದ ಮುನ್ಸೂಚನೆಗೂ ಸಿಗದೆ ಹಿಂದಿನಿಂದ ಬರುವ ಭಯ ಹೋಯಿತು. ವೆನಮ್ ಮೈಹೊಕ್ಕ ಎಡ್ಡಿ ಬ್ರಾಕ್‌ನ ದ್ವೇಷಕ್ಕೆ ಗುರಿಯೇ ಇಲ್ಲದಾಯಿತು. ಖಾಲಿ ಜಾಗವನ್ನು ಎಡ್ಡಿ ಮತ್ತು ವೆನಮ್ ನಡುವಿನ ಗಂಡ ಹೆಂಡಿರ ಥರದ ಜಗಳದಿಂದ ತುಂಬಿದರು. ನಗು ಬರುತ್ತದೆ, ಹೆದರಿಕೆ ಬರುವುದಿಲ್ಲ.

ಎಕ್ಸ್‌ಮೆನ್ ತಂಡದ ವುಲ್ವರೀನ್‌ನ ಎತ್ತರಕ್ಕೆ ಹೆಚ್ಚು ಹೊತ್ತು ಕಳೆಯಬೇಡ. ಕಾಮಿಕ್ಸಿನಲ್ಲಿ 5 ಅಡಿ 3 ಅಂಗುಲ, ತೆರೆಯ ಮೇಲೆ ಅವನಾದ ಹ್ಯೂ ಜಾಕ್‌ಮನ್ 6 ಅಡಿ ದಾಟಿದವರು, ಎರಡು ದಶಕ ಯಾರಿಗೂ ನಿದ್ದೆ ಕೆಡಲಿಲ್ಲ. ಅದೇ ತಂಡದ ಜೀನ್ ಗ್ರೇ ಸಾಯುವ ಫೀನಿಕ್ಸ್ ಕಥೆಗೆ ಆದ ನಷ್ಟ ದೊಡ್ಡದು, ಅದರ ಬಗ್ಗೆ ಮಾತಾಡುವವರೇ ಕಡಿಮೆ. 1980ರಲ್ಲಿ ಜೀನ್ ಗ್ರೇ ಸತ್ತಾಗ ಓದುಗರಿಗೆ ಅವಳು 1963ರಿಂದ ಗೊತ್ತು, ಹದಿನೇಳು ವರ್ಷದ ಒಡನಾಟ. 2019ರ 'ಡಾರ್ಕ್ ಫೀನಿಕ್ಸ್' ಪ್ರೇಕ್ಷಕರಿಗೆ ಆ ನಟಿಯ ಜೀನ್ ಅದಕ್ಕೂ ಮೊದಲು ಕಂಡದ್ದು ಒಂದೇ ಸಿನಿಮಾದಲ್ಲಿ. ಕಥೆ ತಂದರು, ಕಾಲ ತರಲಾಗಲಿಲ್ಲ. ಐರನ್ ಮ್ಯಾನ್ ಆಗಿದ್ದ ಟೋನಿ ಸ್ಟಾರ್ಕ್ ಸಾವಿಗೆ ಜನ ಬಿಕ್ಕಿದ್ದರ ಹಿಂದೆ 2008ರಿಂದ 2019ರವರೆಗಿನ ಹನ್ನೊಂದು ವರ್ಷ ಇತ್ತು.

ಕೊನೆಗೆ ಮುಖವಾಡ. ಕಾಮಿಕ್ಸಿನವನಿಗೆ ಮುಚ್ಚಿದ ಮುಖದಿಂದ ನಷ್ಟವಿಲ್ಲ, ಮನಸ್ಸಿನ ಮಾತನ್ನು ಗುಳ್ಳೆಯಲ್ಲಿ ಬರೆದುಬಿಡುತ್ತಾನೆ. ಸಿನಿಮಾಕ್ಕೆ ಆ ಗುಳ್ಳೆ ಇಲ್ಲ, ಮೇಲಾಗಿ ದುಡ್ಡು ಕೊಟ್ಟು ಕರೆತಂದದ್ದು ನಟನ ಮುಖವನ್ನೇ. ಕಾಮಿಕ್ಸಿನಲ್ಲಿ ಮುಖ ತೋರಿಸದ ಜಡ್ಜ್ ಡ್ರೆಡ್ 1995ರ ಸಿನಿಮಾದಲ್ಲಿ ಹೆಲ್ಮೆಟ್ ತೆಗೆದ, 2012ರಲ್ಲಿ ಅದೇ ಪಾತ್ರ ಮಾಡಿದ ಕಾರ್ಲ್ ಅರ್ಬನ್ ತೆಗೆಯದೆ ಗಲ್ಲ ಮತ್ತು ದನಿಯಲ್ಲೇ ನಿಭಾಯಿಸಿದರು. 'ಐರನ್ ಮ್ಯಾನ್' 2008ರಲ್ಲಿ ಕ್ಯಾಮೆರಾವನ್ನು ಹೆಲ್ಮೆಟ್ ಒಳಗೇ ತೂರಿಸಿ ಜಾಣತನ ತೋರಿತು.

'ಫೆಂಟಾಸ್ಟಿಕ್ ಫೋರ್' ತಂಡದ ಮುಖವಾಡದ ವೈರಿ ಡಾಕ್ಟರ್ ಡೂಮ್‌ಗೆ ಈ ಯಾವ ಉಪಾಯವೂ ಸುಲಭದಲ್ಲಿ ಒಗ್ಗದು. 1964ರಲ್ಲಿ ಬಂದ ಅವನ ಪೂರ್ವಕಥೆಯಲ್ಲಿ ಅವನ ಯಂತ್ರದ ಲೆಕ್ಕ ತಪ್ಪಿದೆ ಎಂದು ಆ ತಂಡದ ನಾಯಕನಾಗುವ ರೀಡ್ ರಿಚರ್ಡ್ಸ್ ಎಚ್ಚರಿಸುತ್ತಾನೆ, ಡೂಮ್ ಕೇಳುವುದಿಲ್ಲ, ಯಂತ್ರ ಸಿಡಿದು ಮುಖ ಕೆಡುತ್ತದೆ. ಆಮೇಲೆ ಪೂರ್ತಿ ಆರದ ಬಿಸಿ ಲೋಹದ ಮುಖವಾಡವನ್ನು ತಾನೇ ಹಾಕಿಕೊಳ್ಳುತ್ತಾನೆ. ಅಷ್ಟು ಅಹಂಕಾರ! 2005ರ ಸಿನಿಮಾದಲ್ಲಿ ಬಾಹ್ಯಾಕಾಶದ ಬಿರುಗಾಳಿ ಅವನ ಚರ್ಮವನ್ನೇ ಲೋಹ ಮಾಡಿತು, ಲೆಕ್ಕ ತಪ್ಪಿದ್ದು ರೀಡ್‌ನದಾಯಿತು. ಮುಖವಾಡ ಇತ್ತು, ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿನ ಮಲ್ಲಿಗೆಯ ಹಾಗೆ. 2024ರಲ್ಲಿ ಸ್ಯಾನ್ ಡಿಯೆಗೋದ ಕಾಮಿಕ್ಸ್ ಸಮ್ಮೇಳನದ ವೇದಿಕೆಯಲ್ಲಿ ಹೊಸ 'ಅವೆಂಜರ್ಸ್' ಸಿನಿಮಾದ ಡೂಮ್ ಯಾರೆಂದು ತಿಳಿಸಿದಾಗ ರಾಬರ್ಟ್ ಡೌನಿ ಜೂನಿಯರ್ ಮಾಡಿದ ಮೊದಲ ಕೆಲಸ ಮುಖವಾಡ ತೆಗೆದದ್ದು. ಆ ಸಿನಿಮಾದ ಜಗಳಕ್ಕೆ ಇಳಿಯುವಾಗ ಹಸಿರು ಮೇಲಂಗಿಯ ಬಣ್ಣ ನೋಡುತ್ತ ಕೂರಬೇಡ. ಮುಖವಾಡ ಎಷ್ಟನೇ ನಿಮಿಷಕ್ಕೆ ಕಳಚುತ್ತದೆ, ಯಾರೆದುರು ಕಳಚುತ್ತದೆ, ಲೆಕ್ಕ ತಪ್ಪಿದ್ದು ಯಾರದು ಎಂದು ಬರೆದಿಟ್ಟುಕೋ.

ಇಂತಿ ನಿನ್ನ
ಗೆಳೆಯ

ಮರೆತಿದ್ದೆ: ಮಣಿಗಳ ಬಣ್ಣದ ಪಂದ್ಯದಲ್ಲಿ ಗೆದ್ದವನು ನೀನೇ. 1991ರಲ್ಲಿ ಕಾಲದ ಮಣಿ ಕಿತ್ತಳೆ, ಆತ್ಮದ್ದು ಹಸಿರು. ಸಿನಿಮಾದಲ್ಲಿ ಅದಲು ಬದಲು. ಆದರೆ ಆಮೇಲೆ ಕಾಮಿಕ್ಸಿನವರೇ ಸಿನಿಮಾದ ಬಣ್ಣಕ್ಕೆ ಬದಲಾಯಿಸಿಕೊಂಡರು, ಅವನಿಗೆ ಅದು ಗೊತ್ತಾಗುವ ಮೊದಲೇ ಪಂದ್ಯದ ದುಡ್ಡು ವಸೂಲಿ ಮಾಡು.