ಕಂಬ ದಾಟುವ ಹಡಗು

ಹುಬ್ಬಳ್ಳಿ,
ಭಾನುವಾರ ರಾತ್ರಿ

ಅವ್ವಿ,

ಮೊನ್ನೆ ಫೋನಿನಲ್ಲಿ ನೀನು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಪುಣೆಯಿಂದ ಹೊಸ ಲ್ಯಾಪ್‌ಟಾಪ್ ಕಳಿಸಿದೆ, ಅದರೊಳಗೆ ಹೊಸ ಸಬ್‌ಮರೀನ್ ಆಟವನ್ನೂ ಹಾಕಿ ಕೊಟ್ಟೆ. ಹದಿನೈದು ದಿನ ಬಿಟ್ಟು ಕೇಳಿದರೆ, ನಾನು ಅದರಲ್ಲೂ ಆಡುತ್ತಿರುವುದು ಅದೇ ಹಳೇದು. "ಅಪ್ಪಾ, ಇಪ್ಪತ್ತು ವರ್ಷ ಆತು. ಅದರಾಗ ಅಂಥಾದ್ದೇನೈತಿ?" ಅಂದೆ. ನಿಮ್ಮವ್ವ ಪಕ್ಕದಲ್ಲೇ ಕೂತಿದ್ದಳು. ಅವಳ ಮುಂದೆ ಆ ಆಟವನ್ನು ಹೊಗಳಿದರೆ ರಾತ್ರಿ ರೊಟ್ಟಿ ನಾನೇ ಹಾಕಿಕೊಂಡು ಉಣ್ಣಬೇಕು. ಅದಕ್ಕೇ ಏನೋ ಹೇಳಿ ಹಾರಿಸಿದೆ. ಈಗ ಅವಳು ಮಲಗಿದ್ದಾಳೆ, ಬರೆಯುತ್ತಿದ್ದೇನೆ.

ಮೊದಲಿಗೆ, ನೀನು ಕೊಟ್ಟ ಯುಬೋಟ್ ಅನ್ನುವ ಆಟ ಕೆಟ್ಟದ್ದಲ್ಲ. ಪೋಲೆಂಡಿನವರು ಚೆನ್ನಾಗಿಯೇ ಮಾಡಿದ್ದಾರೆ. ಮನೆಯ ಒಂದು ಗೋಡೆ ತೆಗೆದು ಒಳಗೆ ಇಣುಕಿದ ಹಾಗೆ ಇಡೀ ಸಬ್‌ಮರೀನ್ ಕಾಣುತ್ತದೆ. ಯಾರು ಮಲಗಿದ್ದಾರೆ, ಯಾರು ಅಡಿಗೆ ಮಾಡುತ್ತಿದ್ದಾರೆ, ಎಲ್ಲ ಗೊತ್ತಾಗುತ್ತದೆ. ನನಗೆ ತಕರಾರು ಇರುವುದೇ ಅಲ್ಲಿ. ಎಲ್ಲ ಕಾಣುತ್ತದೆ.

ನನ್ನದು ಸೈಲೆಂಟ್ ಹಂಟರ್ 3, ಎರಡನೇ ಮಹಾಯುದ್ಧದ ಜರ್ಮನರ ಸಬ್‌ಮರೀನ್, ಅಂದರೆ ಯು-ಬೋಟ್, ಓಡಿಸುವ ಆಟ. 2005 ರಲ್ಲಿ ಬಂದದ್ದು. ಮರುವರ್ಷ ನಿನ್ನ ಸೋದರಮಾವ ಬೆಂಗಳೂರಿನಿಂದ ಡಿವಿಡಿ ತಂದುಕೊಟ್ಟ. ಮಾಡಿದವರು ರುಮೇನಿಯಾದ ಬುಕಾರೆಸ್ಟ್‌ನವರು. ಮೊದಲು ಅವರು ಬಿಡಿ ಬಿಡಿ ಕಾಳಗಗಳನ್ನಷ್ಟೇ ಕೊಡುವ ಲೆಕ್ಕ ಹಾಕಿದ್ದರಂತೆ. ಆಡುವವರು ಗಲಾಟೆ ಎಬ್ಬಿಸಿದರು. ನಮಗೆ ಇಡೀ ಯುದ್ಧ ಬೇಕು, ನಾವು ಎಲ್ಲಿಗೆ ಹೋದರೂ ಕಡಲು ತನ್ನ ಪಾಡಿಗೆ ನಡೆಯುತ್ತಿರಬೇಕು ಅಂದರು. ಕಂಪನಿಯವರು ಬಿಡುಗಡೆಯನ್ನೇ ಮುಂದೆ ಹಾಕಿ ಅದನ್ನು ಸೇರಿಸಿದರು. ಆಮೇಲೆ ಆಡುವವರೇ ಕೂತು ಹಡಗು, ಬಂದರು, ಸದ್ದು ಎಲ್ಲ ಹೊಸದಾಗಿ ಮಾಡಿ ಪುಕ್ಕಟೆ ಹಂಚಿದರು. ನಾನು ಆಡುವುದು ಅಂಥದ್ದೇ ಒಂದು, ಗ್ರೇ ವುಲ್ವ್ಸ್. 2007 ರಲ್ಲಿ ನಾಲ್ಕನೆಯದು ಬಂತು, 2010 ರಲ್ಲಿ ಐದನೆಯದು. ಎರಡನ್ನೂ ನೋಡಿದೆ, ವಾಪಸ್ ಬಂದೆ. ಅಂದಹಾಗೆ, ನೀನು ಕಾಲೇಜಿನಲ್ಲಿ ನಿದ್ದೆಗೆಟ್ಟು ಆಡುತ್ತಿದ್ದ ಸಿವಿಲೈಜೇಶನ್ ಇದೆಯಲ್ಲ, ಅದರ ಸಿಡ್ ಮೀಯರ್ ಅದಕ್ಕೂ ಮೊದಲು, 1985 ರಲ್ಲೇ, ಸೈಲೆಂಟ್ ಸರ್ವಿಸ್ ಅಂತ ಸಬ್‌ಮರೀನ್ ಆಟ ಮಾಡಿದ್ದ. ಹುಚ್ಚು ನನಗೊಬ್ಬನಿಗೇ ಅಲ್ಲ ಅಂತ ಹೇಳುವುದಕ್ಕೆ ಬರೆದೆ.

ಈಗ ಅದರಲ್ಲಿ ಏನಿದೆ ಅಂತ. ನಿಜ ಹೇಳಬೇಕೆಂದರೆ, ಜಾಸ್ತಿ ಹೊತ್ತು ಏನೂ ಇಲ್ಲ. ಬಂದರು ಬಿಟ್ಟು ಅಟ್ಲಾಂಟಿಕ್‌ಗೆ ಇಳಿದರೆ ಬರೀ ನೀರು. ನಕ್ಷೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಕೂರಬೇಕು. ಗಡಿಯಾರವನ್ನು 1024 ಪಟ್ಟು ಜೋರಾಗಿ ಓಡಿಸಬಹುದು, ಆಗ ಒಂದು ದಿನ ಒಂದೂವರೆ ನಿಮಿಷದಲ್ಲಿ ಹೋಗುತ್ತದೆ. ನಿಮ್ಮವ್ವ ಹಿಂದೆ ನಿಂತು ನೋಡಿ, "ಇದೇನ್ ಆಟಾ ರೀ, ಬರೇ ನೀರ್ ನೋಡ್ತೀರಿ" ಅನ್ನುತ್ತಿದ್ದಳು. ಹೀಗಿರುವಾಗ ಗಡಿಯಾರ ತಾನಾಗಿಯೇ ಒಮ್ಮೆಲೇ ನಿಧಾನ ಆಗುತ್ತದೆ. ಯಾರೋ ಏನೋ ಕೇಳಿಸಿಕೊಂಡಿದ್ದಾರೆ. ಆ ಗಳಿಗೆ ಇಪ್ಪತ್ತು ವರ್ಷ ಆದರೂ ನನ್ನ ಎದೆ ಧಸಕ್ ಅನ್ನುತ್ತದೆ.

ಕಾಣುವುದಿಲ್ಲ, ಕೇಳಿಸುತ್ತದೆ, ಅಷ್ಟೇ. ನೀರಿನ ಕೆಳಗೆ ಇಳಿದು, ಎಂಜಿನ್ ನಿಲ್ಲಿಸಿ, ನೀರಿನೊಳಗಿನ ಸದ್ದು ಕೇಳಿಸುವ ಹೈಡ್ರೋಫೋನ್‌ನ ಚಕ್ರವನ್ನು ಒಂದೊಂದೇ ಡಿಗ್ರಿ ತಿರುಗಿಸಬೇಕು. ಮೊದಲು ಸೊಯ್ ಅಂತ ಬರೀ ನೀರಿನ ಸದ್ದು. ಆಮೇಲೆ ಎಲ್ಲೋ ದೂರದಲ್ಲಿ ದಪ್, ದಪ್, ದಪ್. ನಿಧಾನವಾಗಿದ್ದರೆ ಸರಕಿನ ಹಡಗು. ಗಿರಗಿರ ಅಂದರೆ ಯುದ್ಧದ ಹಡಗು, ನಮ್ಮನ್ನು ಹುಡುಕಿಕೊಂಡು ಬಂದದ್ದು.

ನನಗೆ ಇದು ಹೊಸದಾಗಿರಲಿಲ್ಲ. ರೈಲ್ವೆಯ ಡೀಸೆಲ್ ಶೆಡ್‌ಗೆ ಸೇರಿದ ಹೊಸತರಲ್ಲಿ ನಮ್ಮ ಹಿರಿಯ ಮೇಸ್ತ್ರಿ ಕಲಿಸಿದ್ದು ಇದನ್ನೇ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗ್ ಮನೆಯ ಮೇಲೆ ಊರಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿಯಬೇಕು. ಶೆಡ್ ತುಂಬ ಗದ್ದಲ ಇದ್ದರೂ ಒಳಗಿನದು ಬೇರೆಯಾಗಿ ಕೇಳುತ್ತದೆ. ಸರಿಯಿದ್ದರೆ ಒಂದೇ ಸಮನೆ ಗುಂಯ್ ಅನ್ನುತ್ತದೆ. ಕೆಟ್ಟಿದ್ದರೆ ನಡುವೆ ಸಣ್ಣದೊಂದು ಕರಕರ. ಬಿಚ್ಚಿ ನೋಡುವ ಮೊದಲೇ ಹೇಳಬೇಕು. ತಪ್ಪಿದರೆ ಇಡೀ ದಿನದ ಕೆಲಸ ದಂಡ. ಮೂವತ್ತು ವರ್ಷಕ್ಕಿಂತ ಜಾಸ್ತಿ ನಾನು ಅನ್ನ ತಿಂದದ್ದು ಆ ಕರಕರದ ಮೇಲೆ.

ಸುಮ್ನೆ ಒಂದು ಲೆಕ್ಕ ಹೇಳುತ್ತೇನೆ, ನಗಬೇಡ. ನಾನು ಆಟದಲ್ಲಿ ಓಡಿಸುವುದು ಸೆವೆನ್-ಸಿ ಅನ್ನುವ ಜಾತಿಯ ದೋಣಿ. ಉದ್ದ 67 ಮೀಟರ್. ನಮ್ಮ ಹುಬ್ಬಳ್ಳಿ ಸ್ಟೇಶನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್‌ಗೆ ಸಾಲಾಗಿ ನಿಲ್ಲಿಸಿದರೆ 22 ದೋಣಿ ಹಿಡಿಯುತ್ತವೆ. ಅದರ ಎರಡು ಡೀಸೆಲ್ ಎಂಜಿನ್ ಸೇರಿದರೂ ಹೆಚ್ಚೆಂದರೆ 3200 ಹಾರ್ಸ್‌ಪವರ್. ನಮ್ಮ ಶೆಡ್‌ನ ಒಂದೇ ಒಂದು ಡಬ್ಲ್ಯೂಡಿಜಿ-4 ಲೋಕೋದ್ದು 4000! ಆ ಇಷ್ಟೇ ದೋಣಿಯಲ್ಲಿ ಸುಮಾರು 50 ಮಂದಿ ವಾರಗಟ್ಟಲೆ ಇರುತ್ತಿದ್ದರು. ಎರಡು ಸಂಡಾಸು, ಹೊರಡುವಾಗ ಒಂದರ ತುಂಬ ದಿನಸಿ. ಮುಳುಗಿದ ಮೇಲೆ ಡೀಸೆಲ್ ನಡೆಯುವುದಿಲ್ಲ, ಅದಕ್ಕೆ ಗಾಳಿ ಬೇಕಲ್ಲ. ಆಗ ಬ್ಯಾಟರಿ. 4 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು ಏಳೂವರೆ ಕಿಲೋಮೀಟರ್‌ನಂತೆ, ಸೈಕಲ್‌ಗಿಂತ ನಿಧಾನವಾಗಿ ಹೋದರೆ ಸುಮಾರು 150 ಕಿಲೋಮೀಟರ್. ಇಲ್ಲಿಂದ ಹೊರಟರೆ ಕಾರವಾರ ಮುಟ್ಟುವ ಮೊದಲೇ ಖಾಲಿ.

ವಿಶಾಖಪಟ್ಟಣದಲ್ಲಿ ಕುರ್ಸುರಾ ಒಳಗೆ ಹೋದದ್ದು ನೆನಪಿದೆಯಾ? ನೀನು ಆರನೇ ಕ್ಲಾಸ್. 1969 ರಿಂದ 2001 ರ ತನಕ ನಮ್ಮ ನೌಕಾಪಡೆಯಲ್ಲಿ ದುಡಿದು, ಈಗ ಬೀಚಿನಲ್ಲಿ ಮ್ಯೂಸಿಯಂ ಆಗಿ ಕೂತಿರುವ ಸಬ್‌ಮರೀನ್. ಅದು 91 ಮೀಟರ್, ನನ್ನ ದೋಣಿಗಿಂತ ದೊಡ್ಡದು. ಆದರೂ ಗುಂಡನೆಯ ಬಾಗಿಲಲ್ಲಿ ತೂರುವಾಗ ನಿಮ್ಮವ್ವನ ಸೆರಗು ಸಿಕ್ಕಿಹಾಕಿಕೊಂಡಿತು. ಅಡಿಗೆ ಮಾಡುವ ಜಾಗ ನೋಡಿ, "ಇದಕ್ಕಿಂತ ನನ್ನ ಅಡಿಗೀಮನೀನ ಅರಮನಿ" ಅಂದಳು. ನಾನು ಎಂಜಿನ್ ಹತ್ತಿರ ನಿಂತುಬಿಟ್ಟೆ. ನೀವಿಬ್ಬರೂ ಹೊರಗೆ ಹೋಗಿ ಐಸ್‌ಕ್ರೀಂ ತಿಂದು ಬಂದಿರಿ.

ನನಗೆ ಆ ಆಟದಲ್ಲಿ ಎಲ್ಲಕ್ಕಿಂತ ಇಷ್ಟದ ಕೆಲಸ ಹಡಗಿನ ವೇಗ ಹಿಡಿಯುವುದು. ಕಂಪ್ಯೂಟರಿಗೆ ಬಿಟ್ಟರೆ ಅದೇ ಲೆಕ್ಕ ಮಾಡಿ ಕೊಡುತ್ತದೆ. ನಾನು ಬಿಡುವುದಿಲ್ಲ. ನಮ್ಮ ದೋಣಿ ಬಹುತೇಕ ನಿಂತೇ ಇರಬೇಕು. ಪೆರಿಸ್ಕೋಪಿನ ನಡುಗೆರೆಯನ್ನು ಹಡಗಿನ ಮುಂದೆ ಇಟ್ಟು ಕಾಯಬೇಕು. ಮೂತಿ ಗೆರೆಗೆ ತಾಗಿದ ಕೂಡಲೇ ಸ್ಟಾಪ್‌ವಾಚ್ ಒತ್ತಬೇಕು, ಬಾಲ ದಾಟಿದ ಕೂಡಲೇ ನಿಲ್ಲಿಸಬೇಕು. ಆ ಕಾಲದ ಲಿಬರ್ಟಿ ಅನ್ನುವ ಸರಕಿನ ಹಡಗಿನ ಉದ್ದ 134 ಮೀಟರ್. 26 ಸೆಕೆಂಡ್ ಹಿಡಿದರೆ ಸೆಕೆಂಡಿಗೆ 5 ಮೀಟರ್ ಚಿಲ್ಲರೆ, ಅಂದರೆ 10 ನಾಟ್. ಗೊತ್ತಾಯ್ತಲ್ಲ? ಒಂದು ರೈಲು ಒಂದು ಕಂಬವನ್ನು ಇಷ್ಟು ಸೆಕೆಂಡಿನಲ್ಲಿ ದಾಟಿದರೆ ಅದರ ವೇಗ ಎಷ್ಟು? ನೀನು ಏಳನೇ ಕ್ಲಾಸಿನಲ್ಲಿ ಅಳುತ್ತಾ ಬಿಡಿಸಿದ ಅದೇ ಲೆಕ್ಕ. ಪುಸ್ತಕದಲ್ಲಿ ಬರಲಿಲ್ಲ ಅಂತ ನಿನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಹಡಗಿನಲ್ಲಿ ತೋರಿಸಿದೆ. ಮೂರನೇ ಹಡಗಿಗೆ ನೀನೇ ನನಗಿಂತ ಮೊದಲು ಉತ್ತರ ಹೇಳಿದೆ.

ವೇಗ ಹಿಡಿದಾಯಿತು, ದೂರ, ಓರೆ ಎಲ್ಲ ಕೂಡಿಸಿ, ನೀರಿನೊಳಗೇ ಹೋಗಿ ಹಡಗಿಗೆ ಬಡಿದು ಸಿಡಿಯುವ ಟಾರ್ಪಿಡೋ ಬಿಟ್ಟಾಯಿತು. 900 ಮೀಟರ್ ದೂರಕ್ಕೆ 58 ಸೆಕೆಂಡ್. ಆ 58 ಸೆಕೆಂಡ್ ನಾನು ಉಸಿರಾಡುವುದಿಲ್ಲ ಅಂತ ನಿಮ್ಮವ್ವ ಹೇಳುತ್ತಾಳೆ. ಒಮ್ಮೊಮ್ಮೆ ಠಣ್ ಅಂತ ಬಡಿದು, ದೀಪಾವಳಿಯ ಠುಸ್ ಪಟಾಕಿಯ ಹಾಗೆ ಸುಮ್ಮನಾಗುತ್ತದೆ. ಮೊದಮೊದಲು ಆಟದ ದೋಷ ಅಂದುಕೊಂಡಿದ್ದೆ. ಅಲ್ಲ, ಯುದ್ಧದ ಮೊದಲ ವರ್ಷ ಜರ್ಮನರ ಟಾರ್ಪಿಡೋಗಳು ನಿಜವಾಗಲೂ ಹಾಗೇ ಕೈಕೊಡುತ್ತಿದ್ದವು. ಒಂದು ಸಲ 40 ಸೆಕೆಂಡ್ ಆದಾಗ ಕರೆಂಟ್ ಹೋಯಿತು. ಆಗ ಯುಪಿಎಸ್ ಇರಲಿಲ್ಲ. ಆ ಹಡಗು ಮುಳುಗಿತೋ ಉಳಿಯಿತೋ, ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು ಮಾತು. ಬೇರೆ ಆಟಗಳಲ್ಲಿ ಆಡಿದಷ್ಟೂ ನಿನಗೆ ಬಲ ಬರುತ್ತದೆ, ಅಲ್ವಾ? ಇದರಲ್ಲಿ ಉಲ್ಟಾ. 1940 ರಲ್ಲಿ ನಾನು ರಾಜ. ವರ್ಷ ಹೋದ ಹಾಗೆ ಆ ಕಡೆಯವರಿಗೆ ರೇಡಾರ್ ಬರುತ್ತದೆ, ವಿಮಾನ ಬರುತ್ತವೆ. ನನ್ನ ದೋಣಿ ಹೆಚ್ಚುಕಡಿಮೆ ಅದೇ ದೋಣಿ. 1943 ರ ಮೇ ಒಂದೇ ತಿಂಗಳಲ್ಲಿ 41 ಯು-ಬೋಟ್ ಮುಳುಗಿದವು. ಇಪ್ಪತ್ತು ವರ್ಷದಲ್ಲಿ ನಾನು ಆ ವರ್ಷ ದಾಟಿದ್ದು ಎರಡೇ ಸಲ. ಮೇಲೆ ಡಿಸ್ಟ್ರಾಯರ್, ಅಂದರೆ ನಮ್ಮನ್ನು ಬೇಟೆಯಾಡುವ ಯುದ್ಧದ ಹಡಗು, ಸುತ್ತುತ್ತಿರುತ್ತದೆ. ಕೆಳಗೆ ನಮ್ಮವರು ಪಿಸುಪಿಸು ಮಾತಾಡುತ್ತಾರೆ. ನಮ್ಮನ್ನು ಹುಡುಕಲು ಅವರು ಬಿಡುವ ಸದ್ದು ಟಿಂಗ್, ಟಿಂಗ್ ಅಂತ ನಮ್ಮ ದೋಣಿಯ ಮೈಗೆ ಬಡಿಯುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಿಮ್ಮವ್ವನ ಕುಕ್ಕರ್ ಸೀಟಿ ಹೊಡೆದರೆ ನಾನು ಕುರ್ಚಿಯಿಂದ ಹಾರಿಬೀಳುತ್ತೇನೆ. "ಆ ಹಡಗ ಮುಳುಗ್ಲಿ, ಅನ್ನ ಆರಾಕತ್ತೈತಿ" ಅಂತ ಒಳಗಿಂದ ಕೂಗು.

ನೀನು ಪಿಯುಸಿಯಲ್ಲಿದ್ದಾಗ ಒಮ್ಮೆ ಕೇಳಿದ್ದೆ: "ಅಪ್ಪಾ, ಹಂಗಾರ ನೀ ಹಿಟ್ಲರ್‌ನ ಕಡೇನಾ?" ನಾನು "ಆಟ ಬಿಡವ್ವಾ" ಅಂದುಬಿಟ್ಟೆ. ಅದು ಉತ್ತರವಲ್ಲ ಅಂತ ಆಗಲೇ ಗೊತ್ತಿತ್ತು. ಆಮೇಲೆ ಓದಿದೆ. 1940 ರ ಸೆಪ್ಟೆಂಬರ್ 17 ರ ರಾತ್ರಿ ಯು-48 ಒಂದು ಹಡಗು ಮುಳುಗಿಸಿತು. ಹಡಗಿನ ಹೆಸರು ಸಿಟಿ ಆಫ್ ಬನಾರಸ್. ನಮ್ಮ ಕಾಶಿಯ ಹೆಸರು. ಬಾಂಬಿಗೆ ಹೆದರಿ ಇಂಗ್ಲೆಂಡಿನಿಂದ ಕೆನಡಾಕ್ಕೆ ಕಳಿಸುತ್ತಿದ್ದ 90 ಮಕ್ಕಳು ಅದರಲ್ಲಿದ್ದರು. 77 ಮಕ್ಕಳು ಹೋದರು. ಕೆಲಸದವರಲ್ಲಿ ಬಹಳ ಮಂದಿ ನಮ್ಮ ದೇಶದ ಖಲಾಸಿಗಳು, ಅವರಲ್ಲೂ ಬಹಳ ಮಂದಿ ಉಳಿಯಲಿಲ್ಲ. ಯು-ಬೋಟ್‌ನವರದೂ ಅದೇ ಗತಿ, ಹೋದ ಸುಮಾರು 40,000 ಜನರಲ್ಲಿ ಮುಕ್ಕಾಲು ಪಾಲು ತಿರುಗಿ ಬರಲಿಲ್ಲ. ಇದನ್ನು ಓದಿದ ಮೇಲೆ ಆಟ ಬಿಟ್ಟೆ ಅಂತ ಹೇಳಿದರೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಒಂದು ತಿಂಗಳು ತೆಗೆಯಲಿಲ್ಲ ಅಷ್ಟೇ. ಆದರೆ ಹಡಗು ಮುಳುಗುವುದನ್ನು ಪೆರಿಸ್ಕೋಪಿನಲ್ಲಿ ನಿಂತು ನೋಡುವುದನ್ನು ಬಿಟ್ಟಿದ್ದೇನೆ. ಮೊದಲು ಬೆಂಕಿ, ಹೊಗೆ ಎಲ್ಲ ನಿನ್ನನ್ನೂ ಕರೆದು ತೋರಿಸುತ್ತಿದ್ದೆ. ಈಗ ತಿರುಗಿ ಹೊರಟುಬಿಡುತ್ತೇನೆ. ನಿನ್ನ ಪ್ರಶ್ನೆಗೆ ಇದೂ ಪೂರ್ತಿ ಉತ್ತರ ಅಲ್ಲ, ಗೊತ್ತು.

ಇನ್ನೊಂದು ಉಳಿದಿದೆ. ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಸಾಲಿಯ ಗ್ಯಾದರಿಂಗ್‌ನಲ್ಲಿ ನವಿಲು ಆಗಿದ್ದೆ. ಗರಿಗಳನ್ನು ನಿಮ್ಮವ್ವ ಎರಡು ರಾತ್ರಿ ಕೂತು ಹೊಲಿದಿದ್ದಳು. ನಾನು ಬಂದಾಗ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಶೆಡ್‌ನಲ್ಲಿ ಎಂಜಿನ್ ಒಂದು ಕೆಟ್ಟಿತ್ತು ಅಂತ ಹೇಳಿದೆ. ಎಂಜಿನ್ ಕೆಟ್ಟಿರಲಿಲ್ಲ. ಡ್ಯೂಟಿ ಮುಗಿಸಿ ನಾಲ್ಕಕ್ಕೇ ಮನೆಗೆ ಬಂದಿದ್ದೆ. ಅಟ್ಲಾಂಟಿಕ್‌ನಲ್ಲಿ ಒಂದು ದೊಡ್ಡ ಕಾನ್ವಾಯ್, ಅಂದರೆ ಕಾವಲಿನೊಂದಿಗೆ ಸಾಗುವ ಹಡಗುಗಳ ಗುಂಪು, ಸಿಕ್ಕಿತ್ತು, ಐದೇ ನಿಮಿಷ ಅಂತ ಕೂತೆ. ಆ ಆಟಕ್ಕೆ ಅಲ್ಲೇ ತಡೆದು ನಿಲ್ಲಿಸುವ ಪಾಜ್ ಗುಂಡಿ ಇದೆ. ಕೈಯಳತೆಯಲ್ಲೇ ಇತ್ತು. ಒತ್ತಲಿಲ್ಲ. ನೀನು ಮಾತ್ರ ದಾರಿಯುದ್ದಕ್ಕೂ, ಎಂಜಿನ್ ರಿಪೇರಿ ಆಯ್ತೇನಪ್ಪಾ ಅಂತ ಕೇಳಿದೆ. ಆಯ್ತು ಅಂದೆ. ನಿಮ್ಮವ್ವನಿಗೆ ಅವತ್ತೇ ಗೊತ್ತಾಗಿತ್ತು ಅಂತ ಕಾಣುತ್ತದೆ, ಕಂಪ್ಯೂಟರ್ ಬಿಸಿ ಇತ್ತಲ್ಲ. ಅವಳು ಇಲ್ಲಿಯವರೆಗೂ ಬಾಯಿ ಬಿಟ್ಟಿಲ್ಲ.

ಅದಾದ ಮೇಲೆ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡಲು ಶುರುಮಾಡಿದ್ದು. ನಿನ್ನ ಸಣ್ಣ ತಲೆಗೆ ಹೆಡ್‌ಫೋನ್ ದೊಡ್ಡದು, ಜಾರುತ್ತಿತ್ತು. ಎರಡೂ ಕೈಯಲ್ಲಿ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೂರುತ್ತಿದ್ದೆ. "ಅಪ್ಪಾ, ಬರಾಕತ್ತೈತಿ. ಎಡಕ್ಕೈತಿ. ಒಂದಲ್ಲ, ಎರಡದಾವು." ನನಗೆ ಒಂದೇ ಕೇಳಿಸುತ್ತಿತ್ತು. ನೋಡಿದರೆ ಎರಡೇ ಇರುತ್ತಿದ್ದವು. ಮೇಸ್ತ್ರಿ ಬದುಕಿದ್ದರೆ ನಿನ್ನನ್ನು ಶೆಡ್‌ಗೆ ಎಳೆದುಕೊಂಡು ಹೋಗುತ್ತಿದ್ದರು.

ಬರುವ ವರ್ಷ ನನ್ನ ರಿಟೈರ್‌ಮೆಂಟ್. ಹಳಿಗಳ ಮೇಲೆ ಈಗ ಕರೆಂಟ್ ಎಂಜಿನ್‌ಗಳೇ ಜಾಸ್ತಿ. ಅವುಗಳಿಗೆ ಸ್ಕ್ರೂಡ್ರೈವರ್ ಹಚ್ಚಿ ಕೇಳುವಂಥದ್ದು ಬಹಳ ಇಲ್ಲ. ಕಿವಿಯೂ ಮೊದಲಿನಂತಿಲ್ಲ. ಬಲಗಡೆಯದು ಮಂದ ಆಗಿದೆ, ಡಾಕ್ಟರು ಶೆಡ್‌ನ ಸದ್ದಿಗೆ ಹೀಗಾಗುತ್ತದೆ ಅಂದರು. ಹೋದ ವಾರ ಬಲಗಡೆ ಇದ್ದ ಡಿಸ್ಟ್ರಾಯರ್ ಅನ್ನು ಎಡಗಡೆ ಅಂದುಕೊಂಡು ನೇರ ಅದರ ಕೆಳಗೇ ಹೋದೆ. ಹೇಗೋ ಉಳಿದೆ.

ದೀಪಾವಳಿಗೆ ನಾಲ್ಕು ದಿನ ರಜೆ ಅಂದಿದ್ದೀಯಲ್ಲ. ಬರುವಾಗ ನಿನ್ನ ಆ ಒಳ್ಳೆಯ ಹೆಡ್‌ಫೋನ್ ತಾ. ನಿಮ್ಮವ್ವ ಶೇಂಗಾ ಹೋಳಿಗೆ ಮಾಡುತ್ತಾಳಂತೆ, ಅದು ಮುಗಿದ ಮೇಲೆ ಕೂರೋಣ. ಈಗ ಆಟದಲ್ಲಿ 1943 ರ ಏಪ್ರಿಲ್. ಈ ಆಟದಲ್ಲಿ ನೀರಿನ ಕೆಳಗಿದ್ದಾಗ ಸೇವ್ ಮಾಡಿದರೆ ಫೈಲ್ ಕೆಟ್ಟುಹೋಗುವುದುಂಟು. ಅದಕ್ಕೆ ಯಾರೂ ಇಲ್ಲದ ಕಡೆ ದೋಣಿಯನ್ನು ಮೇಲಕ್ಕೆ ತಂದು, ಬ್ಯಾಟರಿ ಚಾರ್ಜಿಗೆ ಹಚ್ಚಿ, ಸೇವ್ ಮಾಡಿ ಇಟ್ಟಿದ್ದೇನೆ. ನೀನು ಬರುವ ತನಕ ಮುಟ್ಟುವುದಿಲ್ಲ.

ನಿನ್ನ,
ಅಪ್ಪ