ನಮ್ಮ ಶಾರ್ಡೊನೆಯಲ್ಲಿ ಈ ಸಲ ಓಕ್ ಕಡಿಮೆ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ನಮ್ಮ ಬಿಳಿ ವೈನ್ ಶಾರ್ಡೊನೆಯ ಹೊಸ ಬಾಟಲಿ ತೆರೆದ ಕೆಲವರು "ವೆನಿಲ್ಲಾ ಘಮ ಎಲ್ಲಿ ಹೋಯ್ತು?" ಎಂದು ಕೇಳಿದ್ದೀರಿ. ಆ ಘಮ ಬರುವುದು ವೈನ್ ಇಡುವ ಓಕ್ ಮರದ ಪೀಪಾಯಿಯಿಂದ; ಅದನ್ನು ನಾವೇ ಬೇಕೆಂದು ಕಡಿಮೆ ಮಾಡಿದ್ದು. ಮೊದಲೇ ತಿಳಿಸಬೇಕಿತ್ತು, ತಡವಾಯಿತು, ಕ್ಷಮಿಸಿ.

ಇಲ್ಲಿಯವರೆಗೆ ಅಷ್ಟೂ ರಸವನ್ನು 225 ಲೀಟರಿನ ಹೊಸ ಫ್ರೆಂಚ್ ಓಕ್ ಪೀಪಾಯಿಗಳಲ್ಲಿ ಹುದುಗಿಸಿ 10 ತಿಂಗಳು ಅಲ್ಲೇ ಇಡುತ್ತಿದ್ದೆವು. ಈಗ ಕಾಲು ಪಾಲು ಮಾತ್ರ ಪೀಪಾಯಿಗೆ. ಅದೂ ಎರಡು-ಮೂರು ಸುಗ್ಗಿ ಕಂಡ ಹಳೆಯ ಪೀಪಾಯಿಗೆ, 4 ತಿಂಗಳ ಮಟ್ಟಿಗೆ. ಉಳಿದದ್ದು ತಂಪಾದ ಸ್ಟೀಲ್ ಟ್ಯಾಂಕಿನಲ್ಲಿ. ಬಾಟಲಿಗೆ ತುಂಬುವ ಮುನ್ನ ಎರಡನ್ನೂ ಬೆರೆಸುತ್ತೇವೆ.

ಇದೆಲ್ಲ ಹುಳಿ ಉಳಿಸಿಕೊಳ್ಳಲಿಕ್ಕೆ. ಶಾರ್ಡೊನೆ ಫ್ರಾನ್ಸಿನ ಬರ್ಗಂಡಿಯ ತಂಪಿನಲ್ಲಿ ಹುಟ್ಟಿದ ದ್ರಾಕ್ಷಿ ಬಳ್ಳಿ. ವಿಜಯಪುರದಲ್ಲಿ ಅಕ್ಟೋಬರಿನಲ್ಲಿ ಚಾಟ್ನಿ ಮಾಡಿದ, ಅಂದರೆ ಕಡ್ಡಿ ಸವರಿದ, ಬಳ್ಳಿಯ ಗೊನೆ ಮಾಗುವ ಹೊತ್ತಿಗೆ ಬಿಸಿಲು ಏರತೊಡಗಿರುತ್ತದೆ, ಕಾಯಿಯೊಳಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಇಳಿಯುತ್ತದೆ. ಅದಕ್ಕೇ ಕೊಯ್ಲನ್ನು ಹೊತ್ತು ಹುಟ್ಟುವ ಮೊದಲೇ ಮುಗಿಸುತ್ತೇವೆ. ಹಾಗೆ ಉಳಿಸಿದ ಹುಳಿಯನ್ನು ಪೀಪಾಯಿಯಲ್ಲಿ ನಾವೇ ಕಳೆದುಕೊಳ್ಳುತ್ತಿದ್ದೆವು. ಅಲ್ಲಿ ಬ್ಯಾಕ್ಟೀರಿಯಾಗಳು ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹಸಿರು ಸೇಬಿನ ಚುರುಕು ಹೋಗಿ ಕೊಲ್ಹಾರದ ಗಡಿಗೆ ಮೊಸರಿನ ಮೆದು ಹುಳಿ ಬಂದ ಹಾಗೆ. ಜೊತೆಗೆ ಡಯಾಸಿಟೈಲ್ ಎಂಬ ವಸ್ತು ಹುಟ್ಟಿ ಬೆಣ್ಣೆಯ ವಾಸನೆ ಬರುತ್ತದೆ. ಅದು ಹದವಾಗಿದ್ದರೆ ಚೆಂದವೇ. ನಮ್ಮಲ್ಲಿ ಹದ ಮೀರಿತ್ತು. ಹೊಸ ಮರದ ವೆನಿಲ್ಲಾ, ಸುಟ್ಟ ವಾಸನೆ ಎಲ್ಲ ಸೇರಿ, ಒಗ್ಗರಣೆ ಹೆಚ್ಚಾದ ಬೇಳೆಯಂತೆ, ಹಣ್ಣು ಮುಚ್ಚಿಹೋಗಿತ್ತು. ಟ್ಯಾಂಕಿನದನ್ನೂ ಪೀಪಾಯಿಯದನ್ನೂ ಪಕ್ಕಪಕ್ಕ ಇಟ್ಟು ರುಚಿ ನೋಡಿದ ದಿನ, ನಮ್ಮ ತಿಕೋಟಾದ ತೋಟದ ಗುರುತು ಹತ್ತಿದ್ದು ಟ್ಯಾಂಕಿನದರಲ್ಲಿ. ಈಗ ಟ್ಯಾಂಕಿನ ಪಾಲಿನಲ್ಲಿ ಮ್ಯಾಲಿಕ್ ಆಮ್ಲ ಲ್ಯಾಕ್ಟಿಕ್ ಆಗದಂತೆ ತಂಪು ಮಾಡಿ ತಡೆಯುತ್ತೇವೆ.

ಹಾಗಾದರೆ ಓಕ್ ಪೂರ್ತಿ ಬಿಡಬಹುದಿತ್ತಲ್ಲ ಎನ್ನಬಹುದು. ಬಿಟ್ಟು ನೋಡಿದೆವು, ನಾಲಿಗೆಗೆ ತೆಳುವೆನಿಸಿತು. ಪೀಪಾಯಿಯ ತಳದಲ್ಲಿ ಕೂತ ಯೀಸ್ಟನ್ನು ವಾರಕ್ಕೊಮ್ಮೆ ಕೋಲಿನಿಂದ ಕದಡುತ್ತೇವೆ, ವೈನಿಗೆ ಮೈ ಬರುವುದು ಅದರಿಂದ. ಹಳೆಯ ಮರ ಚೂರುಚೂರೇ ಗಾಳಿ ಬಿಡುತ್ತದೆ, ತನ್ನ ವಾಸನೆ ಹೇರುವುದಿಲ್ಲ.

ಫ್ರಿಡ್ಜಿನಿಂದ ತೆಗೆದ ಕೂಡಲೇ ಸುರಿಯಬೇಡಿ. ಸ್ವಲ್ಪ ಹೊತ್ತು ಹೊರಗಿಟ್ಟು 10-12 ಡಿಗ್ರಿಗೆ ಬಂದ ಮೇಲೆ ರುಚಿ ನೋಡಿ. ಖಾರ ಕಡಿಮೆ ಹಾಕಿ ಹುರಿದ ಹೊಳೆಮೀನಿನ ಜೊತೆ ನಮಗೆ ಬಹಳ ಹಿಡಿಸಿತು.

ಬೆಲೆ ಬದಲಾಗಿಲ್ಲ. ಹಳೆಯ ಬಗೆಯೇ ಬೇಕೆನ್ನುವವರಿಗೆ ಹಿಂದಿನ ಸುಗ್ಗಿಯ ಕೆಲವು ಪೆಟ್ಟಿಗೆ ಉಳಿದಿವೆ. ಕೇಳಿದರೆ ಎತ್ತಿಡುತ್ತೇವೆ.

ನಿಮ್ಮ,
ವೈನರಿ ಬಳಗ
ತಿಕೋಟಾ, ವಿಜಯಪುರ ಜಿಲ್ಲೆ