ಸುಝಾನ್ ಮತ್ತೆ ತಲೆಯೆತ್ತಿದ್ದಾಳೆ

ಮುಗಿಯಿತು. ಕಂಪ್ಯೂಟರಿನಲ್ಲಿ ಮೂರು ಆಯಾಮದ ಆಕೃತಿಗಳನ್ನು ರೂಪಿಸುವ ಬ್ಲೆಂಡರ್ ತಂತ್ರಾಂಶದಲ್ಲಿ ಮಾದರಿಯಾಗಿ ಸಿಗುವ ಕೋತಿಮುಖ, ನಮ್ಮ ಸುಝಾನ್, ಲೆಗೋ ಇಟ್ಟಿಗೆಗಳಲ್ಲಿ ಮೈತಳೆದು ನನ್ನ ಮೇಜಿನ ಮೇಲೆ ಕುಳಿತಿದ್ದಾಳೆ. ಹನ್ನೊಂದು ತಿಂಗಳಿಂದ ನನ್ನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಕೇಳಿಸಿಕೊಂಡ ನಿಮಗೆ ಅವಳನ್ನು ಕಟ್ಟಿದ ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ.

ಕೆಲಸವಿಲ್ಲದೆ ಕಳೆದ ಆ ವರ್ಷದಲ್ಲಿ ಬೆಳಿಗ್ಗೆ ಏಳಲು ನನಗಿದ್ದ ಒಂದೇ ಕಾರಣ ಬ್ಲೆಂಡರ್. ಅದನ್ನು ಕಲಿಯಲು ಹಣ ಕೊಡಬೇಕಾಗಿರಲಿಲ್ಲ. 2002ರಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿ ನಿಂತುಹೋದಾಗ, ಬಳಕೆದಾರರೇ ಏಳು ವಾರಗಳಲ್ಲಿ 1,00,000 ಯೂರೋ ಕೂಡಿಸಿ ಅದರ ಮೂಲಸಂಕೇತವನ್ನು (ಸೋರ್ಸ್ ಕೋಡ್) ಎಲ್ಲರಿಗೂ ಬಿಡಿಸಿಕೊಟ್ಟರು. ಹಣ ಹಾಕಿದವರಲ್ಲಿ ಒಬ್ಬರ ಮುಖವನ್ನೂ ನಾನು ಕಂಡಿಲ್ಲ. ಆದರೂ ಮೊದಲ ನಮಸ್ಕಾರ ಅವರಿಗೇ.

ಪ್ಲೇಟ್ ಎಂಬ ತೆಳು ಲೆಗೋ ತುಂಡಿನ ಎತ್ತರ 3.2 ಮಿ.ಮೀ., ಅದರ ಮೇಲಿನ ಉಬ್ಬಿನಿಂದ ಉಬ್ಬಿಗೆ 8 ಮಿ.ಮೀ.; ಆದ್ದರಿಂದ ಮಾದರಿಯನ್ನು ಮೊದಲು ಎರಡೂವರೆ ಪಟ್ಟು ಎತ್ತರಕ್ಕೆ ಎಳೆದು, ಆಮೇಲೆ ಬ್ಲೆಂಡರಿನ ರೀಮೆಶ್ ಎಂಬ ಸಾಧನದಲ್ಲಿ ಘನಗಳಾಗಿ ಒಡೆಯಬೇಕು ಎಂದು ತೋರಿಸಿಕೊಟ್ಟ ಸಹೋದ್ಯೋಗಿಗೆ, ಇಳಿಜಾರು ತುಂಡುಗಳನ್ನು ಡಬ್ಬಿಗಟ್ಟಲೆ ಕೊಟ್ಟ ಗೆಳೆಯರಿಗೆ, ಚಿತ್ರ ತೆಗೆದವರಿಗೆ ಕೃತಜ್ಞತೆಗಳು.

ಇನ್ನು ಅಕ್ಕ.

ಪ್ರದರ್ಶನಕ್ಕೆ ಎರಡು ದಿನ ಉಳಿದಿರುವಾಗ ಮಾದರಿಯನ್ನು ಪೆಟ್ಟಿಗೆಗೆ ಇಳಿಸಲು ಎತ್ತಿದೆ. ಎಡಕಿವಿ ಕಳಚಿತು. ಅದು ಹೋಗುವಾಗ ಕೆನ್ನೆಯನ್ನೂ ಹಿಂದಲೆಯನ್ನೂ ಎಳೆದುಕೊಂಡೇ ಹೋಯಿತು. ನೆಲದ ತುಂಬ ಕಂದು ತುಂಡುಗಳು. ರಾತ್ರಿ ಹನ್ನೊಂದಾಗಿತ್ತು. ನಾನು ಗೋಡೆಗೆ ಒರಗಿ ಕುಳಿತೆ. ಎಲ್ಲವನ್ನೂ ಗುಡಿಸಿ ಎಸೆದುಬಿಡು ಎಂದೆ. ಕೆಲಸ ಹೋದ ದಿನ ಒಳಗೆ ಉಂಟಾಗಿದ್ದ ಅದೇ ಕುಸಿತ ಮತ್ತೆ ಬಂದು ಎದೆಯ ಮೇಲೆ ಕುಳಿತಿತ್ತು. ನಾನು ಕೈಹಾಕಿದ್ದು ಯಾವುದೂ ನಿಲ್ಲುವುದಿಲ್ಲ ಎಂಬ ಆ ಹಳೆಯ ನಂಬಿಕೆ. ಸಮಾಧಾನ ಹೇಳಲು ಬಂದ ಅಕ್ಕನಿಗೆ, "ಒಂದು ದಿನವಾದರೂ ಈ ತಂತ್ರಾಂಶ ತೆರೆದಿದ್ದೀಯಾ? ನಿನಗೇನು ಗೊತ್ತು ಇದರ ನೋವು?" ಎಂದು ಕೂಗಿಬಿಟ್ಟೆ.

ಅವಳು ಉತ್ತರ ಕೊಡಲಿಲ್ಲ. ತಟ್ಟೆಗಳನ್ನು ತಂದು ನೆಲದ ಮೇಲೆ ಸಾಲಾಗಿ ಇಟ್ಟಳು. ತುಂಡುಗಳನ್ನು ಆಕಾರದ ಪ್ರಕಾರ ಬೇರ್ಪಡಿಸತೊಡಗಿದಳು. ಎಲ್ಲವೂ ಒಂದೇ ಬಣ್ಣದವಾದಾಗ ರಾಶಿಯಲ್ಲಿ ಆಕಾರವನ್ನು ಹುಡುಕುವುದು ಎಷ್ಟು ಕಷ್ಟವೆಂದು ಕಟ್ಟಿದವರಿಗೇ ಗೊತ್ತು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಗಂಟೆಯ ಹೊತ್ತಿಗೆ ಮುರಿದ ಜಾಗವನ್ನು ದೀಪದ ಕೆಳಗೆ ಹಿಡಿದು, "ಇಲ್ಲಿ ನೋಡು, ಸಂದಿಯ ಮೇಲೇ ಸಂದಿ ಬಂದಿದೆ" ಎಂದಳು. ಹೌದು. ಕಿವಿ ತಲೆಗೆ ಸೇರುವಲ್ಲಿ ಎಂಟು ಸಾಲುಗಳ ಜೋಡಣೆ ಒಂದೇ ಗೆರೆಯಲ್ಲಿತ್ತು. ಒಂದು ಇಟ್ಟಿಗೆಯೂ ಆ ಗೆರೆಯನ್ನು ದಾಟಿ ಹಿಡಿದಿರಲಿಲ್ಲ. ಹನ್ನೊಂದು ತಿಂಗಳು ಪರದೆಯ ಮೇಲೆ ನೋಡಿಯೂ ನನ್ನ ಕಣ್ಣಿಗೆ ಬೀಳದ್ದು ಅದು.

ಆಮೇಲೆ ನಾನೂ ನೆಲಕ್ಕಿಳಿದೆ. ಅವಳು ತುಂಡು ಕೊಡುತ್ತಾ ಹೋದಳು, ನಾನು ಸಂದಿ ತಪ್ಪಿಸಿ ಕಟ್ಟುತ್ತಾ ಹೋದೆ. ಬಲಕ್ಕೆ ತಿರುಗಿದ ಓರೆತುಂಡು ಎಡಕಿವಿಗೆ ಕೂರುವುದಿಲ್ಲ ಎಂಬುದನ್ನು ಎರಡೇ ಸಲಕ್ಕೆ ಗುರುತು ಹಿಡಿದು, ಮುಂದೆ ಕೇಳದೆಯೇ ಸರಿಯಾದದ್ದನ್ನು ಕೊಟ್ಟಳು. ಹೊರಗಿನ ಕಂದು ತುಂಡುಗಳು ಸಾಲದಿದ್ದಾಗ, ಒಳಗೆ ಕಾಣದ ಕಡೆಯಿಂದ ಕಂದನ್ನು ಬಿಡಿಸಿ, ಅಲ್ಲಿಗೆ ಹಳದಿ ತುಂಬಿದೆವು. ಬೆಳಕು ಹರಿದಾಗ ಕಿವಿ ಗಟ್ಟಿಯಾಗಿ ನಿಂತಿತ್ತು. ಅವಳು ಮುಖ ತೊಳೆದು, ನಿದ್ದೆಯಿಲ್ಲದೆಯೇ ಕಚೇರಿಗೆ ಹೊರಟಳು.

ಅಕ್ಕ, ಆ ರಾತ್ರಿ ನಾನು ಅಂದ ಮಾತನ್ನು ಕೇಳಿದವಳು ನೀನೊಬ್ಬಳೇ. ಅದನ್ನು ಇಂದು ಇಷ್ಟು ಜನರ ಮುಂದೆ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಭಾನುವಾರ ಸುಝಾನ್‌ಳನ್ನು ನಿನ್ನ ಕೋಣೆಗೆ ತರುತ್ತೇನೆ, ಕಿಟಕಿಯ ಪಕ್ಕದ ಕಪಾಟಿನಲ್ಲಿ ಜಾಗ ಮಾಡಿಡು.